ಬಾಡಿಗೆ ಮನೆ ಬಿಡುವ ಮುನ್ನ: ಗೋಡೆಗೆ ಬಿದ್ದ ಪೆಟ್ಟು ಯಾವ ಪದರದ್ದು?

ಮನೆ ಖಾಲಿ ಮಾಡುವ ದಿನ ಹತ್ತಿರ ಬಂದು, ಗೋಡೆಯ ಮೇಲಿದ್ದ ಕ್ಯಾಲೆಂಡರು, ಚಿತ್ರಪಟ, ಕನ್ನಡಿ ಎಲ್ಲವನ್ನೂ ಇಳಿಸಿದಾಗಲೇ ಗೋಡೆ ಪೂರ್ತಿಯಾಗಿ ಕಣ್ಣಿಗೆ ಬೀಳುವುದು. ಮೊಳೆಯ ತೂತುಗಳು, ಟೇಪು ಕಿತ್ತುಕೊಂಡು ಬಂದ ಬಣ್ಣ, ಕುರ್ಚಿಯ ಬೆನ್ನು ಉಜ್ಜಿದ ಕಪ್ಪು ಗೆರೆ, ಬಾಗಿಲ ಹಿಂದೆ ಹಿಡಿಕೆ ಹೊಡೆದ ಗುಳಿ. ಹೆಚ್ಚಿನವರು ಆಗ ಒಂದು ಡಬ್ಬಿ ಪುಟ್ಟಿ ತಂದು ಕಂಡಕಂಡಲ್ಲೆಲ್ಲ ಮೆತ್ತಿ, ಮೇಲೊಂದು ಕೈ ಬಿಳಿ ಬಣ್ಣ ಬಳಿದುಬಿಡುತ್ತಾರೆ. ಮಾರನೆಯ ಬೆಳಿಗ್ಗೆ ನೋಡಿದರೆ ತೂತಿಗಿಂತ ತೇಪೆಯೇ ಕಣ್ಣಿಗೆ ರಾಚುತ್ತಿರುತ್ತದೆ.

ಕೈಯಲ್ಲಿ ಕಸಬು ಇಲ್ಲದ್ದರಿಂದ ಹೀಗಾಗುತ್ತದೆ ಎಂದು ನಾನೂ ನಂಬಿದ್ದೆ. ಕೆಲವು ಮನೆಗಳನ್ನು ಬದಲಿಸಿದ ಮೇಲೆ ಆ ನಂಬಿಕೆ ಹೋಯಿತು. ಪೆಟ್ಟು ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡದೆ ಮದ್ದು ಹಚ್ಚುವುದೇ ತೊಂದರೆಯ ಮೂಲ. ಗೋಡೆ ಎಂಬುದು ಒಂದರ ಮೇಲೊಂದು ಕೂತ ಪದರಗಳು: ಹೊರಗೆ ಬಣ್ಣ, ಅದರಡಿ ಪ್ರೈಮರ್ (ಬಣ್ಣ ಹಚ್ಚುವ ಮೊದಲು ಹಚ್ಚುವ ತಳಪದರ) ಮತ್ತು ಪುಟ್ಟಿ, ಅದರಡಿ ಗಿಲಾವು ಅಥವಾ ಜಿಪ್ಸಮ್ ಹಲಗೆ, ಅದರ ಹಿಂದೆ ಇಟ್ಟಿಗೆ, ಕಾಂಕ್ರೀಟು ಅಥವಾ ಬರಿಯ ಪೊಳ್ಳು. ಪೆಟ್ಟು ಯಾವ ಪದರದವರೆಗೆ ಹೋಗಿದೆಯೋ ಅಲ್ಲಿಂದ ಆರಂಭಿಸಿ ಒಂದೊಂದೇ ಪದರ ಕಟ್ಟುತ್ತ ಹೊರಗೆ ಬರಬೇಕು. ಅದಕ್ಕಿಂತ ಆಳಕ್ಕೆ ಕೈ ಹಾಕಬಾರದು, ನಡುವಿನ ಪದರವನ್ನು ಹಾರಿಸಲೂಬಾರದು.

ಪುಟ್ಟಿ ತರುವ ಮೊದಲು

ಬಾಡಿಗೆ ಒಪ್ಪಂದವನ್ನು ಮತ್ತೊಮ್ಮೆ ಓದಿ, ಮನೆಗೆ ಬಂದ ದಿನ ತೆಗೆದ ಫೋಟೊಗಳಿದ್ದರೆ ಹುಡುಕಿಟ್ಟುಕೊಳ್ಳಿ. ಹಲವು ದೇಶಗಳ ಬಾಡಿಗೆ ಕಾನೂನು ಸಹಜ ಸವಕಳಿಯನ್ನು ಒಂದು ಬಗೆಯಾಗಿ, ಹಾನಿಯನ್ನು ಇನ್ನೊಂದು ಬಗೆಯಾಗಿ ನೋಡುತ್ತದೆ. ಬಿಸಿಲಿಗೆ ಮಾಸಿದ ಬಣ್ಣ ಮೊದಲನೆಯದಕ್ಕೆ ಸೇರುತ್ತದೆ, ಬಾಗಿಲ ಹಿಡಿಕೆ ತೂರಿದ ರಂಧ್ರ ಎರಡನೆಯದಕ್ಕೆ. ಆಮೇಲೆ ಮಾಲೀಕರನ್ನು ಕೇಳಿ: ಮುಂದಿನ ಬಾಡಿಗೆದಾರರು ಬರುವ ಮೊದಲು ಇಡೀ ಮನೆಗೆ ಬಣ್ಣ ಹೊಡೆಸುತ್ತೀರಾ? ಹೌದು ಎಂದಾದರೆ ತೂತು ಮುಚ್ಚಿ ನುಣ್ಣಗೆ ಉಜ್ಜಿಕೊಟ್ಟರೆ ನಿಮ್ಮ ಕೆಲಸ ಮುಗಿಯಿತು. ಬಣ್ಣದ ಗೋಜಿಗೇ ಹೋಗಬೇಕಿಲ್ಲ. ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದನ್ನು ಒಂದು ಸಂದೇಶದಲ್ಲಿ ಬರೆದು ಕಳಿಸುವುದು ಇಬ್ಬರಿಗೂ ಒಳ್ಳೆಯದು.

ಇನ್ನು ಗೋಡೆಯ ಪರೀಕ್ಷೆ. ಕತ್ತಲಾದ ಮೇಲೆ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಬಹುತೇಕ ತಾಗಿಸಿ ಹಿಡಿದು ಬೆಳಕನ್ನು ಗೋಡೆಯುದ್ದಕ್ಕೂ ಹರಿಸಿ. ನೇರ ಬೆಳಕಿನಲ್ಲಿ ಕಾಣದ ಗುಳಿ, ಉಬ್ಬು, ಹಳೆಯ ತೇಪೆ ಎಲ್ಲಕ್ಕೂ ಉದ್ದುದ್ದ ನೆರಳು ಬೀಳುತ್ತದೆ. ಕಂಡಲ್ಲೆಲ್ಲ ಪೆನ್ಸಿಲ್ಲಿನಿಂದ ತೆಳುವಾಗಿ ಗುರುತು ಹಾಕಿ. ಪೆನ್ನು ಬೇಡ, ಅದರ ಶಾಯಿ ಬಣ್ಣದಿಂದ ಹೊರಗೆ ಜಿನುಗುತ್ತದೆ.

ಆಮೇಲೆ ಬೆರಳಗೆಣ್ಣಿನಿಂದ ತಟ್ಟಿ. ಸದ್ದು ಮೊಂಡಾಗಿ, ಗಟ್ಟಿಯಾಗಿ ಕೇಳಿದರೆ ಅದು ಇಟ್ಟಿಗೆ ಅಥವಾ ಕಾಂಕ್ರೀಟಿನ ಮೇಲೆ ಗಿಲಾವು ಮಾಡಿದ ಗೋಡೆ. ಡೋಲಿನಂತೆ ಪೊಳ್ಳಾಗಿ ಕೇಳಿದರೆ ಜಿಪ್ಸಮ್ ಹಲಗೆ. ಗಟ್ಟಿ ಗೋಡೆಯಲ್ಲಿ ಒಂದೇ ಕಡೆ ಪೊಳ್ಳು ಸದ್ದು ಬಂದರೆ ಅಲ್ಲಿ ಗಿಲಾವು ಒಳಗಿನಿಂದ ಬಿಟ್ಟುಕೊಂಡಿದೆ ಎಂದು ತಿಳಿಯಬೇಕು. ಅನುಮಾನ ಉಳಿದರೆ ಹಳೆಯ ಸ್ಕ್ರೂ ತೂತಿನ ಪುಡಿಯನ್ನು ನೋಡಿ. ಸುಣ್ಣದಂತೆ ಬಿಳಿಯಾಗಿದ್ದರೆ ಜಿಪ್ಸಮ್, ಬೂದು ಬಣ್ಣದ್ದಾದರೆ ಸಿಮೆಂಟು, ಕೆಂಪಗಿದ್ದರೆ ಇಟ್ಟಿಗೆಯವರೆಗೂ ತೂತು ಹೋಗಿದೆ.

ಕೊನೆಯದಾಗಿ, ಬಣ್ಣದ ಜಾತಿ. ಒಣಗಿದ ಅಂಗೈಯನ್ನು ಗೋಡೆಯ ಮೇಲೆ ಸವರಿದಾಗ ಬಿಳಿ ಪುಡಿ ಅಂಟಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೂ ಬಣ್ಣ ಬಿಡದಿದ್ದರೆ ಎಮಲ್ಷನ್ ಎಂಬ ನೀರಿನ ಬಣ್ಣ. ಪುಡಿ ಬಿಡುವ ಗೋಡೆಯ ಮೇಲೆ ಎಮಲ್ಷನ್ ಹಚ್ಚಿದರೆ ಅದು ಗೋಡೆಯನ್ನು ಹಿಡಿಯುವುದಿಲ್ಲ, ಪುಡಿಯನ್ನು ಹಿಡಿಯುತ್ತದೆ. ಕೆಲವು ದಿನಗಳಲ್ಲಿ ಹಾಳೆಯಂತೆ ಏಳುತ್ತದೆ.

ಗುರುತು ಇದೆ, ಗುಳಿ ಇಲ್ಲ

ಕಣ್ಣು ಮುಚ್ಚಿ ಬೆರಳಾಡಿಸಿದಾಗ ಏನೂ ತಾಗದಿದ್ದರೆ ಪೆಟ್ಟು ಬಣ್ಣದ ಮೇಲ್ಮೈಯಲ್ಲೇ ನಿಂತಿದೆ. ಪುಟ್ಟಿ ಬೇಡ. ಚಪ್ಪಲಿ, ಕುರ್ಚಿಯ ರಬ್ಬರು ಎಳೆದ ಕಪ್ಪು ಗೆರೆಗೆ ಮಕ್ಕಳು ಬಳಸುವ ಅಳಿಸುರಬ್ಬರೇ ಹಲವು ಸಲ ಸಾಕಾಗುತ್ತದೆ. ತಲೆ ಒರಗಿ, ಕೈ ತಾಗಿ ಆದ ಜಿಡ್ಡಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ ಹಾಕಿದ ಉಗುರುಬೆಚ್ಚಗಿನ ನೀರು ಮತ್ತು ಹಿಂಡಿದ ಬಟ್ಟೆ. ಅಂಗಡಿಯಲ್ಲಿ ಸಿಗುವ ಬಿಳಿ ಮೆಲಮೈನ್ ಸ್ಪಂಜು ಮಾಯದಂತೆ ಕೊಳೆ ತೆಗೆಯುತ್ತದೆ ನಿಜ. ಆದರೆ ಅದು ಬಹಳ ಸಣ್ಣ ಉಜ್ಜುಕಾಗದವೇ. ಹೊಳಪಿಲ್ಲದ ಬಣ್ಣದ ಮೇಲೆ ಜೋರಾಗಿ ತಿಕ್ಕಿದರೆ ಆ ಜಾಗ ಮಾತ್ರ ಮಿರುಗತೊಡಗುತ್ತದೆ. ಆ ಮಿರುಗನ್ನು ಮತ್ತೆ ಬಣ್ಣ ಹಚ್ಚಿಯೇ ತೆಗೆಯಬೇಕು.

ಜಿಡ್ಡನ್ನು ತೊಳೆಯದೆ ನೀರಿನ ಬಣ್ಣದಲ್ಲಿ ಮುಚ್ಚಲು ಹೋಗಬೇಡಿ. ಒಂದು ಕೈ, ಎರಡು ಕೈ, ಮೂರು ಕೈ ಹಚ್ಚಿದರೂ ಹಳದಿ ಕಲೆ ಮೇಲೆ ಬರುತ್ತದೆ. ಸ್ಕೆಚ್ ಪೆನ್ನು, ಹೊಗೆಯ ಮಸಿ, ಹಳೆಯ ನೀರಿನ ಕಲೆಗಳ ಸ್ವಭಾವವೂ ಅದೇ. ತೊಳೆದ ಮೇಲೂ ಉಳಿದ ಕಲೆಯ ಮೇಲೆ ಅರಗಿನ ಅಥವಾ ಎಣ್ಣೆ ಆಧಾರದ ಕಲೆತಡೆ ಪ್ರೈಮರ್ ಒಂದು ಪದರ ಹಚ್ಚಿ ಒಣಗಿಸಿ, ಆಮೇಲೆ ಬಣ್ಣ ಹಚ್ಚಿ.

ಟೇಪು ಕಿತ್ತಾಗ ಬಣ್ಣವೂ ಬಂತು

ಇನ್ನೂ ಕಿತ್ತಿಲ್ಲ ಎಂದಾದರೆ ನೀವು ಅದೃಷ್ಟವಂತರು. ಕೂದಲು ಒಣಗಿಸುವ ಯಂತ್ರದ ಬಿಸಿ ಗಾಳಿಯನ್ನು ಅರ್ಧ ನಿಮಿಷ ಹಿಡಿದರೆ ಅಂಟು ಸಡಿಲವಾಗುತ್ತದೆ. ಆಮೇಲೆ ಟೇಪನ್ನು ನಿಮ್ಮ ಕಡೆಗೆ ಎಳೆಯದೆ, ಅದರ ಮೇಲೆಯೇ ಮಡಿಸಿ ಗೋಡೆಗೆ ಒತ್ತಿದಂತೆ ನಿಧಾನವಾಗಿ ಎಳೆಯಿರಿ. ಕೆಳಗೆ ಬಾಲವಿರುವ ಅಂಟುಕೊಕ್ಕೆಯ ಪಟ್ಟಿಗಳನ್ನು ಗೋಡೆಗೆ ಸಮಾಂತರವಾಗಿ ನೇರ ಕೆಳಕ್ಕೆ ಎಳೆಯಬೇಕು. ಅವು ರಬ್ಬರಿನಂತೆ ಹಿಗ್ಗುತ್ತ ಹಿಗ್ಗುತ್ತ ತಾವಾಗಿಯೇ ಬಿಡುತ್ತವೆ.

ಬಣ್ಣ ಆಗಲೇ ಹಕ್ಕಳೆಯಂತೆ ಎದ್ದಿದ್ದರೆ ಅಂಚನ್ನು ಬೆರಳಿನಿಂದ ಕೀಳುತ್ತ ಹೋಗಬೇಡಿ. ಅದು ಎಲ್ಲಿ ನಿಲ್ಲುತ್ತದೆ ಎಂದು ಹೇಳಲಾಗದು. ಹರಿತವಾದ ಬ್ಲೇಡಿನಿಂದ ಸಡಿಲ ಭಾಗದ ಸುತ್ತ ಗೆರೆ ಕೊಯ್ದು, ಒಳಗಿನದನ್ನು ಮಾತ್ರ ತೆಗೆಯಿರಿ. ಬಣ್ಣದ ಮೆಟ್ಟಿಲು ಉಗುರಿಗೆ ತಾಗದಂತಾಗುವವರೆಗೆ 150ರ ಉಜ್ಜುಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಅಂಚನ್ನು ಇಳಿಜಾರು ಮಾಡಿ. ಜಿಪ್ಸಮ್ ಹಲಗೆಯಾದರೆ ಒಂದು ಎಚ್ಚರಿಕೆ: ಬಣ್ಣದ ಜೊತೆ ಮೇಲಿನ ಕಾಗದವೂ ಸುಲಿದು ಒಳಗಿನ ಕಂದು ಕಾಗದ ಕಾಣುತ್ತಿದ್ದರೆ ಅದರ ಮೇಲೆ ನೇರವಾಗಿ ಪುಟ್ಟಿ ಹಚ್ಚಬೇಡಿ. ಪುಟ್ಟಿಯ ನೀರು ಕುಡಿದು ಕಾಗದ ಗುಳ್ಳೆಗುಳ್ಳೆಯಾಗಿ ಉಬ್ಬುತ್ತದೆ. ಮೊದಲು ಅರಗಿನ ಅಥವಾ ಎಣ್ಣೆಯ ಪ್ರೈಮರಿನಿಂದ ಕಾಗದದ ಬಾಯಿ ಮುಚ್ಚಿಸಿ, ನಂತರ ಪುಟ್ಟಿ.

ತೂತು ಮುಚ್ಚಿದೆ, ಮತ್ತೆ ಗುಳಿ ಬಿತ್ತು

ಇದು ಎಲ್ಲರ ದೂರು. ಕಾರಣ ಸರಳ: ಪುಟ್ಟಿಯಲ್ಲಿರುವ ನೀರು ಆರಿದಂತೆ ಅದು ಕುಗ್ಗುತ್ತದೆ. ಆಳವಾದ ತೂತನ್ನು ಒಂದೇ ಸಲಕ್ಕೆ ತುಂಬಿದರೆ ಮೇಲ್ಮೈ ಮೊದಲು ಒಣಗಿ ಗಟ್ಟಿಯಾಗುತ್ತದೆ, ಒಳಗಿನದು ಹಸಿಯಾಗಿಯೇ ಉಳಿದು ನಿಧಾನವಾಗಿ ಕುಸಿಯುತ್ತದೆ. ಆಳವಿದ್ದರೆ ಎರಡು ಮೂರು ಸಲ ತುಂಬಿ. ಪ್ರತಿ ಪದರ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಉಗುರಿನಿಂದ ಒತ್ತಿದಾಗ ಗುರುತು ಬಿದ್ದರೆ ಒಣಗಿಲ್ಲ ಎಂದೇ ಲೆಕ್ಕ.

ತುಂಬುವ ಮೊದಲಿನ ಕೆಲಸವೇ ಇಲ್ಲಿ ಹೆಚ್ಚು. ಮೊಳೆ ಕೀಳುವಾಗ ಇಕ್ಕಳದ ಅಡಿ ಒಂದು ತೆಳು ಮರದ ಚೂರು ಇಡಿ, ಇಲ್ಲದಿದ್ದರೆ ಇಕ್ಕಳವೇ ಗೋಡೆಗೆ ಹೊಸ ಗುಳಿ ಮಾಡುತ್ತದೆ. ಮೊಳೆ ಹೊರಬಂದ ತೂತಿನ ಸುತ್ತ ಬಣ್ಣ, ಗಿಲಾವು ಸ್ವಲ್ಪ ಎದ್ದು ನಿಂತಿರುತ್ತದೆ. ಅದನ್ನು ಹಾಗೆಯೇ ಬಿಟ್ಟು ಪುಟ್ಟಿ ಹಚ್ಚಿದರೆ ಗೋಡೆಯ ಮೇಲೆ ಮೊಡವೆ ಎದ್ದಂತೆ ಕಾಣುತ್ತದೆ. ಸ್ಕ್ರೂಡ್ರೈವರಿನ ಹಿಡಿಯ ಗುಂಡಗಿನ ತುದಿಯನ್ನು ತೂತಿನ ಮೇಲಿಟ್ಟು ತಿರುಗಿಸುತ್ತ ಒತ್ತಿ, ಏರು ಒಳಗೆ ಕೂರುತ್ತದೆ. ಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಸಿಮೆಂಟ್ ಗಿಲಾವಾದರೆ ಬ್ರಷ್ಷನ್ನು ನೀರಿನಲ್ಲಿ ಅದ್ದಿ ತೂತಿನೊಳಗೆ ಒಮ್ಮೆ ಆಡಿಸಿ. ಒಣಗಿದ ಸಿಮೆಂಟು ಪುಟ್ಟಿಯ ನೀರನ್ನೆಲ್ಲ ಹೀರಿಬಿಟ್ಟರೆ ಪುಟ್ಟಿ ಗೋಡೆಗೆ ಕಚ್ಚುವುದಿಲ್ಲ. ಜಿಪ್ಸಮ್ ಹಲಗೆಗೆ ಮಾತ್ರ ನೀರು ತೋರಿಸಬೇಡಿ.

ಸ್ಕ್ರೂವಿನ ಪ್ಲಾಸ್ಟಿಕ್ ಪ್ಲಗ್ ಉಳಿದಿದ್ದರೆ ಅದಕ್ಕೆ ಸ್ಕ್ರೂವನ್ನು ಎರಡು ಮೂರು ಸುತ್ತು ಮಾತ್ರ ಹಾಕಿ, ಸ್ಕ್ರೂವಿನ ತಲೆಯನ್ನು ಇಕ್ಕಳದಿಂದ ಹಿಡಿದು ನೇರವಾಗಿ ಎಳೆಯಿರಿ. ಪ್ಲಗ್ ಜಗ್ಗದಿದ್ದರೆ ಹಟ ಹಿಡಿಯಬೇಡಿ. ಬಲವಾಗಿ ಎಳೆದರೆ ಅಂಗೈಯಗಲದ ಗಿಲಾವು ಅದರ ಜೊತೆ ಬರಬಹುದು. ದಪ್ಪ ಮೊಳೆಯ ತಲೆಯಿಂದ ಪ್ಲಗ್ಗನ್ನು ಅರ್ಧ ಸೆಂಟಿಮೀಟರಿನಷ್ಟು ಒಳಗೆ ತಳ್ಳಿ, ಮೇಲೆ ತುಂಬಿದರೆ ಸಾಕು. ಸ್ವಿಚ್ ಬೋರ್ಡುಗಳ ನೇರಕ್ಕೆ, ಮೇಲೆ ಕೆಳಗೆ ಮತ್ತು ಅಡ್ಡಕ್ಕೆ, ತಂತಿಗಳು ಓಡುತ್ತಿರುತ್ತವೆ. ಆ ಸಾಲಿನಲ್ಲಿ ಆಳವಾಗಿ ಕೆರೆಯುವ ಕೆಲಸವೇ ಬೇಡ.

ಪುಟ್ಟಿಯ ಹದ ಹೀಗಿರಬೇಕು: ಪುಟ್ಟಿ ಎಳೆಯುವ ಚಪ್ಪಟೆ ಪಟ್ಟಿಯ ತುದಿಯಲ್ಲಿ ಸ್ವಲ್ಪ ತೆಗೆದುಕೊಂಡು ತಲೆಕೆಳಗು ಮಾಡಿ ಹಿಡಿದರೆ ಜಾರಬಾರದು, ಗೋಡೆಗೆ ಎಳೆದರೆ ಮಾತ್ರ ಎಳೆಯಿಲ್ಲದೆ ಹರಡಬೇಕು. ಪಟ್ಟಿಯನ್ನು ಮೊದಲು ಓರೆಯಾಗಿ ಹಿಡಿದು ಒತ್ತಿ ತುಂಬಿ, ನಂತರ ಬಹುತೇಕ ನೆಟ್ಟಗೆ ಹಿಡಿದು ಒಂದೇ ಎಳೆತಕ್ಕೆ ಹೆಚ್ಚಿನದನ್ನು ತೆಗೆಯಿರಿ. ತೂತಿನ ನೆತ್ತಿಯಲ್ಲಿ ಕೂದಲೆಳೆಯಷ್ಟು ಉಬ್ಬು ಉಳಿಯಲಿ, ಸುತ್ತಲಿನ ಬಣ್ಣದ ಮೇಲೆ ಹರಡದಿರಲಿ. ಒಣಗಿದ ಮೇಲೆ 150, ಆಮೇಲೆ 220ರ ಉಜ್ಜುಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಉಜ್ಜಿ. ಬೆರಳಿಗೆ ಸುತ್ತಿ ಉಜ್ಜಿದರೆ ಬೆರಳಿನ ಆಕಾರದ ತಗ್ಗು ಬೀಳುತ್ತದೆ. ಬಹಳ ಹಳೆಯ ಕಟ್ಟಡವಾದರೆ ಅಡಿಯ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥ ಕಡೆ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಟೂತ್‌ಪೇಸ್ಟ್, ಸಾಬೂನು, ಮೇಣ ತುಂಬುವ ಸಲಹೆಗಳನ್ನು ನಂಬಬೇಡಿ. ಟೂತ್‌ಪೇಸ್ಟ್ ಕುಗ್ಗಿ ಬಿರಿಯುತ್ತದೆ, ಸಾಬೂನು ಮತ್ತು ಮೇಣದ ಮೇಲೆ ಬಣ್ಣ ನಿಲ್ಲುವುದಿಲ್ಲ. ಮುಂದೆ ಆ ಗೋಡೆಗೆ ಬಣ್ಣ ಹೊಡೆಯುವವರು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ.

ಬಾಗಿಲ ಹಿಡಿಕೆ ಹಲಗೆಯನ್ನು ತೂರಿದೆ

ಪೊಳ್ಳು ಗೋಡೆಯಲ್ಲಿ ಬೆರಳು ಹೋಗುವಷ್ಟು ರಂಧ್ರಕ್ಕೆ ಬರೀ ಪುಟ್ಟಿ ನಿಲ್ಲುವುದಿಲ್ಲ, ಹಿಂದೆ ಆಸರೆಯೇ ಇಲ್ಲ. ರಂಧ್ರ ಸಣ್ಣದಾದರೆ ಅಂಟಿರುವ ಗಾಜಿನ ನಾರಿನ ಜಾಲರಿಯನ್ನು ಮೇಲೆ ಒತ್ತಿ, ಅದರ ಮೇಲೆ ತೆಳುವಾಗಿ ಮೂರು ಪದರ ಪುಟ್ಟಿ ಎಳೆಯಿರಿ. ಪ್ರತಿ ಪದರವೂ ಹಿಂದಿನದಕ್ಕಿಂತ ನಾಲ್ಕೈದು ಬೆರಳು ಅಗಲವಾಗಿರಲಿ. ಜಾಲರಿಯ ದಪ್ಪ ಕಾಣದಂತೆ ಮಾಡುವುದು ಈ ಅಗಲವೇ. ಮುಷ್ಟಿಯಷ್ಟು ದೊಡ್ಡದಾದರೆ ರಂಧ್ರವನ್ನು ಚೌಕಾಕಾರಕ್ಕೆ ಕೊಯ್ದು, ಒಳಗೆ ಮರದ ಪಟ್ಟಿಯೊಂದನ್ನು ತೂರಿಸಿ ಎರಡೂ ಬದಿಗೆ ಸ್ಕ್ರೂ ಮಾಡಿ, ಅದೇ ದಪ್ಪದ ಹಲಗೆಯ ಚೂರನ್ನು ಆ ಪಟ್ಟಿಗೆ ಕೂರಿಸಬೇಕು. ಕೊಯ್ಯುವ ಮೊದಲು ಒಳಗೆ ತಂತಿ, ಕೊಳವೆ ಇಲ್ಲವೆಂದು ಟಾರ್ಚ್ ಹಾಕಿ ನೋಡಿ. ಬಾಗಿಲಿಗೆ ತಡೆ ಇಲ್ಲದೆ ಹೀಗಾಗಿದ್ದರೆ ಒಂದು ರಬ್ಬರು ತಡೆಯನ್ನೂ ಕೂರಿಸಿ. ಇಲ್ಲದಿದ್ದರೆ ತೇಪೆಯ ಮೇಲೆಯೇ ಹಿಡಿಕೆ ಮತ್ತೆ ಬಡಿಯುತ್ತದೆ.

ಬಿರುಕು, ತೇವ: ಮುಟ್ಟುವ ಮುನ್ನ ನಿಲ್ಲಿ

ಕೂದಲೆಳೆಯಂಥ, ಒಂದು ಮಿಲಿಮೀಟರಿಗಿಂತ ಕಿರಿದಾದ ಬಿರುಕು ಹೆಚ್ಚಾಗಿ ಗಿಲಾವು ಒಣಗಿ ಕುಗ್ಗಿದ್ದರಿಂದ ಆದದ್ದು. ಬ್ಲೇಡಿನಿಂದ ಅದರ ಬಾಯಿಯನ್ನು ತುಸು ಅಗಲಿಸಿ, ಪುಡಿ ತೆಗೆದು ತುಂಬಿ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಏರಿದ್ದು, ಇಟ್ಟಿಗೆಯ ಸಾಲನ್ನು ಹಿಡಿದು ಮೆಟ್ಟಿಲಿನಂತೆ ನಡೆದದ್ದು, ಐದು ಮಿಲಿಮೀಟರಿಗಿಂತ ಅಗಲವಾದದ್ದು ಬೇರೆಯೇ ಬಗೆ. ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದು, ಫೋಟೊ ತೆಗೆದು ಮಾಲೀಕರಿಗೆ ಕಳಿಸಿ. ಅದು ಕಟ್ಟಡದ ಮಾತು, ಬಾಡಿಗೆದಾರರ ಕೈಯಿಂದ ಆದದ್ದಲ್ಲ.

ಬಣ್ಣ ಗುಳ್ಳೆ ಎದ್ದಿದ್ದರೆ, ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಹೂವಿನಂತೆ ಅರಳಿದ್ದರೆ ಒಳಗೆ ನೀರು ಓಡಾಡುತ್ತಿದೆ. ಇಟ್ಟಿಗೆ, ಸಿಮೆಂಟಿನಲ್ಲಿರುವ ಲವಣವನ್ನು ನೀರು ಕರಗಿಸಿ ಹೊರಗೆ ತಂದು, ತಾನು ಆರಿ ಹೋಗುವಾಗ ಅದನ್ನು ಅಲ್ಲಿ ಬಿಟ್ಟು ಹೋಗುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಒಂದೂವರೆ ಗೇಣಿನ ಅಲ್ಯೂಮಿನಿಯಂ ಹಾಳೆಯನ್ನು ಒಣಗಿಸಿ ಒರೆಸಿದ ಗೋಡೆಗೆ ನಾಲ್ಕೂ ಅಂಚಿನಲ್ಲಿ ಟೇಪು ಹಚ್ಚಿ ಒಂದೆರಡು ದಿನ ಬಿಡಿ. ಕೋಣೆಯ ಕಡೆಯ ಮುಖದಲ್ಲಿ ಹನಿ ಕಟ್ಟಿದರೆ ಗಾಳಿಯ ತೇವ, ಕಿಟಕಿ ತೆರೆದಿಡಬೇಕಾದ ವಿಷಯ. ಗೋಡೆಯ ಕಡೆಯ ಮುಖ ಒದ್ದೆಯಾದರೆ ಒಳಗಿನಿಂದ ಬರುವ ಒರತೆ. ಒರತೆಯ ಮೇಲೆ ಪುಟ್ಟಿ ಬಳಿದು ಬೀಗದ ಕೈ ಒಪ್ಪಿಸುವುದು ತಿಪ್ಪೆ ಸಾರಿಸುವ ಕೆಲಸ. ಅದರಿಂದ ಮುಂದೆ ಬರುವವರ ಆರೋಗ್ಯಕ್ಕೂ ಕೆಡುಕು, ನಿಮ್ಮ ಮೇಲಿನ ನಂಬಿಕೆಗೂ ಕೆಡುಕು. ಬರೆದು ತಿಳಿಸಿ. ಕಪ್ಪು ಬೂಷ್ಟು ಇದ್ದರೆ ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಿ. ಬ್ಲೀಚನ್ನು ಅಮೋನಿಯ ಇರುವ ಯಾವುದೇ ದ್ರವದ ಜೊತೆ ಎಂದಿಗೂ ಬೆರೆಸಬೇಡಿ, ವಿಷಾನಿಲ ಹುಟ್ಟುತ್ತದೆ.

ಎಲ್ಲ ಸರಿಯಾಗಿ ಮಾಡಿದೆ, ಆದರೂ ತೇಪೆ ಕಾಣುತ್ತಿದೆ

ಒಂದು ಮನೆಯಲ್ಲಿ ಸಂಜೆ ದೀಪದ ಬೆಳಕಿನಲ್ಲಿ ಹದಿಮೂರು ತೂತುಗಳನ್ನು ಮುಚ್ಚಿ, ಬಣ್ಣ ಹಚ್ಚಿ, ತೃಪ್ತಿಯಿಂದ ಮಲಗಿದ್ದೆ. ಬೆಳಿಗ್ಗೆ ಕಿಟಕಿಯಿಂದ ಓರೆ ಬಿಸಿಲು ಬಿದ್ದಾಗ ಹದಿಮೂರೂ ಜಾಗಗಳು ಮಂಕು ಬಿಲ್ಲೆಗಳಂತೆ ಕಾಣುತ್ತಿದ್ದವು. ಬಣ್ಣ ಅದೇ ಡಬ್ಬಿಯದು, ಗೋಡೆ ಅದೇ. ಏನು ತಪ್ಪಿತು ಎಂದು ಹುಡುಕುತ್ತ ಹೋದಾಗಲೇ ನನಗೆ ಈ ಕೆಲಸದ ಮರ್ಮ ತಿಳಿದದ್ದು.

ಮೊದಲು ತೇಪೆಯ ಎದುರು ನೇರವಾಗಿ ನಿಲ್ಲಿ. ಎದುರಿನಿಂದಲೇ ಬೇರೆಯಾಗಿ ಕಂಡರೆ ತೊಂದರೆ ಬಣ್ಣದ ಛಾಯೆಯಲ್ಲಿದೆ. ಎದುರಿನಿಂದ ಸರಿಯಿದ್ದು ಪಕ್ಕದಿಂದ ಮಾತ್ರ ಕಂಡರೆ ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿಯಿರಿ. ನೆರಳು ಬಿದ್ದರೆ ಏರುತಗ್ಗು ಉಳಿದಿದೆ, ಮತ್ತೆ ಉಜ್ಜಬೇಕು. ನೆರಳೇ ಬೀಳದಿದ್ದರೆ ಹೊಳಪಿನಲ್ಲಿ ವ್ಯತ್ಯಾಸ.

ನನ್ನದು ಹೊಳಪಿನ ದೋಷ. ಹೊಸ ಪುಟ್ಟಿ ಬಾಯಾರಿದ ನೆಲದಂತೆ. ಅದು ಬಣ್ಣದಲ್ಲಿರುವ ಅಂಟನ್ನು ಹೀರಿಕೊಂಡು ಬಣ್ಣದ ಪುಡಿಯನ್ನು ಮಾತ್ರ ಮೇಲೆ ಉಳಿಸುತ್ತದೆ, ಹಾಗಾಗಿ ಆ ಜಾಗ ಮಂಕಾಗುತ್ತದೆ. ಪ್ರೈಮರ್ ಹಾರಿಸಿದ್ದರ ಫಲ ಇದು. ಮತ್ತೆ ಪುಟ್ಟಿ ಕೆರೆಯಬೇಕಿಲ್ಲ. ಒಣಗಿದ ತೇಪೆಯ ಮೇಲೆ ಪ್ರೈಮರ್ ತೆಳುವಾಗಿ ಹಚ್ಚಿ, ಒಣಗಿಸಿ, ಬಣ್ಣ ಮತ್ತೊಮ್ಮೆ ಹಚ್ಚಿದರೆ ಸರಿಯಾಗುತ್ತದೆ. ನನ್ನ ಗೋಡೆಯಲ್ಲೂ ಆಯಿತು.

ಮೇಲ್ಮೈಯ ನೇಯ್ಗೆಯೂ ಕಣ್ಣಿಗೆ ಬೀಳುತ್ತದೆ. ರೋಲರ್ ಓಡಿಸಿದ ಗೋಡೆಯಲ್ಲಿ ಹತ್ತಿರದಿಂದ ನೋಡಿದರೆ ಮರಳಿನ ಕಾಳಿನಂಥ ಸಣ್ಣ ಉಬ್ಬುಗಳಿರುತ್ತವೆ. ಅದರ ಮೇಲೆ ಬ್ರಷ್ಷಿನಲ್ಲಿ ಹಚ್ಚಿದರೆ ಗೆರೆಗಳು ಕಾಣುತ್ತವೆ. ಮೊದಲು ಯಾವುದರಲ್ಲಿ ಹಚ್ಚಿದ್ದರೋ ಅದರಲ್ಲೇ ಹಚ್ಚಿ. ನಾಲ್ಕು ಇಂಚಿನ ಪುಟ್ಟ ರೋಲರ್ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅಂಚಿಗೆ ಬಂದಂತೆ ರೋಲರಿನಲ್ಲಿ ಬಣ್ಣ ಕಡಿಮೆಯಾಗುತ್ತ ಹೋಗಲಿ, ಒತ್ತಡವೂ ಕಡಿಮೆಯಾಗಲಿ.

ಛಾಯೆಯ ವ್ಯತ್ಯಾಸ ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಗೋಡೆಯ ಬಣ್ಣ ವರ್ಷಗಳಲ್ಲಿ ಮಾಸಿರುತ್ತದೆ. ಮೊದಲು ಅಟ್ಟ, ಕಪಾಟುಗಳಲ್ಲಿ ಹಳೆಯ ಡಬ್ಬಿ ಉಳಿದಿದೆಯೇ ನೋಡಿ, ಮಾಲೀಕರಲ್ಲಿ ಬಣ್ಣದ ಸಂಖ್ಯೆ ಕೇಳಿ. ಸಿಗದಿದ್ದರೆ ಉಗುರಿನ ಎರಡರಷ್ಟು ಅಗಲದ ಬಣ್ಣದ ಚಕ್ಕೆಯನ್ನು ಎಬ್ಬಿಸಿ ಅಂಗಡಿಗೆ ಒಯ್ದರೆ ಅಲ್ಲಿನ ಯಂತ್ರ ಅದನ್ನು ಓದಿ ಬಣ್ಣ ಬೆರೆಸುತ್ತದೆ. ಚಕ್ಕೆಯನ್ನು ಸ್ವಿಚ್ ಫಲಕದ ಹಿಂದಿನಿಂದ, ಕಪಾಟಿನ ಮರೆಯಿಂದ ತೆಗೆಯುವ ಸಲಹೆ ಸಾಮಾನ್ಯ. ನಾನು ಒಪ್ಪುವುದಿಲ್ಲ. ಬೆಳಕು ಕಾಣದ ಆ ಬಣ್ಣ ಮಾಸಿಲ್ಲ, ಅದಕ್ಕೆ ಹೊಂದಿಸಿದರೆ ಮಾಸಿದ ಗೋಡೆಗೆ ಹೊಂದುವುದಿಲ್ಲ. ತೇಪೆ ಇರುವ ಗೋಡೆಯದ್ದೇ, ಸ್ಕರ್ಟಿಂಗಿನ ಪಕ್ಕದ ಬೆಳಕು ಬೀಳುವ ಮೂಲೆಯ ಚಕ್ಕೆ ಬೇಕು. ಹಸಿ ಬಣ್ಣ ನೋಡಿ ಗಾಬರಿಯಾಗಬೇಡಿ. ಎಮಲ್ಷನ್ ಒಣಗಿದಾಗ ಸಾಮಾನ್ಯವಾಗಿ ತುಸು ಗಾಢವಾಗುತ್ತದೆ. ಮಾರನೆಯ ದಿನದ ಹಗಲಿನಲ್ಲೇ ತೀರ್ಮಾನಿಸಿ.

ಆಗಲೂ ಹೊಂದದಿದ್ದರೆ, ತೇಪೆಗಳು ಆರೇಳಕ್ಕಿಂತ ಹೆಚ್ಚಿದ್ದರೆ, ಆ ಒಂದು ಗೋಡೆಯನ್ನು ಮೂಲೆಯಿಂದ ಮೂಲೆಯವರೆಗೆ ಪೂರ್ತಿ ಹಚ್ಚಿಬಿಡಿ. ಮೂಲೆಯಲ್ಲಿ ಬೆಳಕು ಬೀಳುವ ಕೋನವೇ ಬದಲಾಗುವುದರಿಂದ ಪಕ್ಕದ ಗೋಡೆಯ ಜೊತೆಗಿನ ಅಲ್ಪ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ.

ಇದೆಲ್ಲಕ್ಕೂ ಬೇಕಾಗುವುದು ದುಡಿಮೆಗಿಂತ ಕಾಯುವ ಹೊತ್ತು. ಪುಟ್ಟಿಗೆ ಒಂದು ದಿನ, ಎರಡನೆಯ ಪದರಕ್ಕೆ ಇನ್ನೊಂದು, ಪ್ರೈಮರಿಗೆ ಅರ್ಧ ದಿನ, ಬಣ್ಣದ ಎರಡು ಪದರಗಳ ನಡುವೆ ಕನಿಷ್ಠ ನಾಲ್ಕು ಗಂಟೆ. ಮನೆ ಬಿಡುವ ಎರಡು ವಾರ ಮೊದಲೇ ಆರಂಭಿಸಿ. ಎಮಲ್ಷನ್ ಮುಟ್ಟಲು ಬೇಗ ಒಣಗಿದರೂ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಸಾಮಾನು ಸಾಗಿಸುವಾಗ ಹೊಸ ಬಣ್ಣಕ್ಕೆ ಪೆಟ್ಟಿಗೆಗಳು ಉಜ್ಜದಂತೆ ನೋಡಿಕೊಳ್ಳಿ. ಕೊನೆಯ ದಿನ ಟಾರ್ಚ್ ಹಿಡಿದು ಇನ್ನೊಂದು ಸುತ್ತು ಬನ್ನಿ, ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಮಿಕ್ಕ ಬಣ್ಣವನ್ನು ಬಿಗಿ ಮುಚ್ಚಳದ ಡಬ್ಬಿಗೆ ಸುರಿದು, ಬಣ್ಣದ ಸಂಖ್ಯೆ, ಕೋಣೆ, ಹಚ್ಚಿದ ದಿನಾಂಕವನ್ನು ಮುಚ್ಚಳದ ಮೇಲೆ ಬರೆದು ಕಪಾಟಿನಲ್ಲಿಟ್ಟು ಹೋಗಿ. ಮುಂದೆ ಆ ಮನೆ ಬಿಡುವವರು ಅದನ್ನೇ ಹುಡುಕುತ್ತಾರೆ.